ರಸ್ತೆ ನಡುಗುವಾಗ ಏನು ಹೇಳುತ್ತದೆ? ಹೊಂಡ ಬೀಳುವ ಮೊದಲೇ ಸಿಗುವ ಎಚ್ಚರಿಕೆ

ರಾತ್ರಿ ಹನ್ನೊಂದು ಗಂಟೆ ಕಳೆದಿದೆ. ಹೆದ್ದಾರಿ ಬದಿಯ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಜಲ್ಲಿ ತುಂಬಿದ ಟಿಪ್ಪರೊಂದು ಹಾದುಹೋಗುತ್ತದೆ. ಕಿಟಕಿಯ ಗಾಜು ಗಡಗಡ ಅನ್ನುತ್ತದೆ, ಅಡುಗೆಕೋಣೆಯ ಕಪಾಟಿನಲ್ಲಿ ಗ್ಲಾಸುಗಳು ಒಂದಕ್ಕೊಂದು ತಾಗುತ್ತವೆ. ತಲಪಾಡಿಯಿಂದ ಮಂಜೇಶ್ವರ, ಉಪ್ಪಳ ದಾಟಿ ಕಾಸರಗೋಡಿನ ತನಕ ರಸ್ತೆ ಬದಿಯಲ್ಲಿ ಮನೆ, ಅಂಗಡಿ ಇರುವವರಿಗೆ ಇದು ಹೊಸ ಅನುಭವವೇನೂ ಅಲ್ಲ. "ಲಾರಿ ಹೋದರೆ ಮನೆ ನಡುಗುತ್ತದೆ" ಅಂತ ಹೇಳಿ ಸುಮ್ಮನಾಗುವುದೇ ಹೆಚ್ಚು.

ಆದರೆ ಒಂದು ವಿಷಯ ಗಮನಿಸಬೇಕು. ಅದೇ ಟಿಪ್ಪರ್ ಅರ್ಧ ಕಿಲೋಮೀಟರ್ ಮುಂದೆ ಇನ್ನೊಂದು ಮನೆಯೆದುರು ಹೋಗುವಾಗ ಗಾಜು ಅಲುಗಾಡದೇ ಇರಬಹುದು. ಟಿಪ್ಪರ್ ಅದೇ, ಭಾರ ಅದೇ, ಚಾಲಕರೂ ಅವರೇ. ರಸ್ತೆ ಮತ್ತು ಅದರ ಅಡಿಯ ನೆಲ ಮಾತ್ರ ಬೇರೆ. ಅಂದರೆ ಆ ನಡುಕದಲ್ಲಿ ರಸ್ತೆಯ ಬಗ್ಗೆ ಒಂದು ಸುದ್ದಿ ಇದೆ. ಆ ಸುದ್ದಿಯನ್ನು ಓದುವುದು ಹೇಗೆ ಎಂಬ ವಿಷಯದಲ್ಲಿ ಜಗತ್ತಿನ ಇಂಜಿನಿಯರ್‌ಗಳು ಹಲವು ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಇಂದು ಅದರ ಒಂದು ಭಾಗವನ್ನು ಜೇಬಿನಲ್ಲಿರುವ ಮೊಬೈಲ್ ಫೋನ್ ಕೂಡ ಮಾಡಬಲ್ಲದು.

ಹೊಂಡ ಒಂದೇ ದಿನದಲ್ಲಿ ಬೀಳುವುದಿಲ್ಲ

ಇದು ಬರೀ ಆರಾಮದ ಪ್ರಯಾಣದ ಪ್ರಶ್ನೆಯಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಅಂಕಿಅಂಶದ ಪ್ರಕಾರ, 2013ರಿಂದ 2017ರ ವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ರಸ್ತೆ ಹೊಂಡಗಳಿಂದಾದ ಅಪಘಾತಗಳಲ್ಲಿ 14,926 ಮಂದಿ ಸಾವನ್ನಪ್ಪಿದ್ದಾರೆ. ಲೆಕ್ಕ ಹಾಕಿದರೆ ದಿನಕ್ಕೆ ಸರಾಸರಿ ಎಂಟು ಜೀವ. ನಾಲ್ಕು ಚಕ್ರದ ವಾಹನಕ್ಕೆ ಒಂದು ಕುಲುಕಾಟ ಅನಿಸುವ ಹೊಂಡವೇ ಮಳೆಗಾಲದ ರಾತ್ರಿ ಸ್ಕೂಟರ್ ಸವಾರರಿಗೆ ಪ್ರಾಣಾಪಾಯ.

ಹೊಂಡ ಕಣ್ಣಿಗೆ ಕಾಣುವ ಹೊತ್ತಿಗೆ ರಸ್ತೆಯ ಒಳಗೆ ತೊಂದರೆ ಶುರುವಾಗಿ ತಿಂಗಳುಗಳೇ ಕಳೆದಿರುತ್ತವೆ. ಮೇಲೆ ಕಾಣುವ ಡಾಮರು ಕೆಲವೇ ಇಂಚಿನ ಪದರ. ಅದರ ಕೆಳಗೆ ಗಟ್ಟಿಯಾಗಿ ಅದುಮಿದ ಜಲ್ಲಿ, ಅದರ ಕೆಳಗೆ ಸಣ್ಣ ಕಲ್ಲು-ಮಣ್ಣಿನ ಪದರ, ಎಲ್ಲಕ್ಕಿಂತ ಅಡಿಯಲ್ಲಿ ಊರಿನದೇ ಮಣ್ಣು. ಭಾರವನ್ನು ಹೊರುವುದು ಈ ಎಲ್ಲ ಪದರಗಳೂ ಸೇರಿ. ಮೇಲಿನ ಸಣ್ಣ ಬಿರುಕಿನಿಂದ ನೀರು ಒಳಗಿಳಿದರೆ ಅಥವಾ ಚರಂಡಿ ಕಟ್ಟಿ ನೀರು ಬದಿಯಿಂದ ನುಗ್ಗಿದರೆ ಜಲ್ಲಿಯ ನಡುವಿನ ನುಣುಪು ಮಣ್ಣು ಕೆಸರಾಗುತ್ತದೆ. ಪ್ರತಿ ಚಕ್ರ ಹಾದುಹೋಗುವಾಗಲೂ ಒದ್ದೆ ಸ್ಪಂಜನ್ನು ಒತ್ತಿದ ಹಾಗೆ ಆ ಕೆಸರು ಹೊರಗೆ ಚಿಮ್ಮುತ್ತದೆ. ಒಳಗೆ ಟೊಳ್ಳು ಉಳಿಯುತ್ತದೆ. ಆಧಾರ ಕಳೆದುಕೊಂಡ ಡಾಮರು ಮೊದಲಿಗಿಂತ ಹೆಚ್ಚು ಬಗ್ಗುತ್ತದೆ, ಮೊಸಳೆ ಚರ್ಮದ ಹಾಗೆ ಬಿರಿಯುತ್ತದೆ, ಕೊನೆಗೆ ತುಂಡುತುಂಡಾಗಿ ಎದ್ದು ಬರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಈ ಕೆಲಸ ಬೇಗ ಬೇಗ ನಡೆಯುತ್ತದೆ.

ಇಲ್ಲಿ ಮುಖ್ಯವಾದದ್ದು, ಡಾಮರು ಒಡೆಯುವ ಮೊದಲೇ ಅದು 'ಹೆಚ್ಚು ಬಗ್ಗಲು' ಶುರುಮಾಡಿರುತ್ತದೆ ಎಂಬುದು. ಆ ಬಗ್ಗುವಿಕೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಂಪನದಲ್ಲಿ ಗೊತ್ತಾಗುತ್ತದೆ.

ಭಾರದ ಲೆಕ್ಕ

ರಸ್ತೆಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದರ ಬಗ್ಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರ ತನಕ ದೊಡ್ಡ ಪ್ರಯೋಗವೊಂದು ನಡೆಯಿತು. ಪ್ರಯೋಗಕ್ಕೆಂದೇ ರಸ್ತೆ ಕಟ್ಟಿ, ಬೇರೆಬೇರೆ ಭಾರದ ಲಾರಿಗಳನ್ನು ಹಗಲುರಾತ್ರಿ ಓಡಿಸಿ ನೋಡಲಾಯಿತು. ಅದರಿಂದ ಬಂದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಭಾರದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಹಾನಿ ಏರುತ್ತದೆ.

ಭಾರತದಲ್ಲಿ 2018ರಲ್ಲಿ ನಾಲ್ಕು ಟಯರಿನ ಒಂದು ಆಕ್ಸಲ್‌ಗೆ ಅನುಮತಿಸಿದ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಲಾಯಿತು. ಕೇಳುವಾಗ ಸಣ್ಣ ಏರಿಕೆ, ನೂರಕ್ಕೆ 13ರಷ್ಟೂ ಇಲ್ಲ. ಆದರೆ ಈ ಸೂತ್ರದ ಪ್ರಕಾರ ಅಂಥ ಆಕ್ಸಲ್ ಒಂದು ಸಲ ಹಾದುಹೋದಾಗ ಆಗುವ ಹಾನಿ ಸುಮಾರು 60 ಶೇಕಡಾ ಹೆಚ್ಚುತ್ತದೆ. ಅದಕ್ಕಿಂತ ಹೆಚ್ಚು ತುಂಬಿಸಿದರೆ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಕುಲುಕಾಟದ ಪೆಟ್ಟು ಬೇರೆ. ಸಮತಟ್ಟಾದ ರಸ್ತೆಯಲ್ಲಿ ಲಾರಿಯ ಭಾರ ಹೆಚ್ಚುಕಡಿಮೆ ಸಮವಾಗಿ ಬೀಳುತ್ತದೆ. ಏರುಪೇರಿನ ರಸ್ತೆಯಲ್ಲಿ ಲಾರಿ ಮೇಲೆದ್ದು ಕುಕ್ಕುತ್ತದೆ. ಆ ಕ್ಷಣದಲ್ಲಿ ರಸ್ತೆಯ ಮೇಲೆ ಬೀಳುವುದು ನಿಂತ ಲಾರಿಯ ತೂಕಕ್ಕಿಂತ ಹೆಚ್ಚಿನ ಭಾರ. ಸಣ್ಣ ತಗ್ಗು ಇದ್ದರೆ ಲಾರಿ ಕುಕ್ಕುತ್ತದೆ, ಕುಕ್ಕಿದರೆ ತಗ್ಗು ದೊಡ್ಡದಾಗುತ್ತದೆ, ತಗ್ಗು ದೊಡ್ಡದಾದರೆ ಇನ್ನೂ ಜೋರಾಗಿ ಕುಕ್ಕುತ್ತದೆ. ಮೊದಲ ತಗ್ಗನ್ನು ಬೇಗ ಸರಿಪಡಿಸಿದರೆ ಮಾತ್ರ ಈ ಸರಪಳಿ ತುಂಡಾಗುತ್ತದೆ.

ವಾಹನದ ಒಳಗಿನಿಂದ ಅಳೆಯುವುದು

ಕಂಪನದಿಂದ ರಸ್ತೆಯನ್ನು ಅರಿಯಲು ಎರಡು ದಾರಿಗಳಿವೆ. ವಾಹನ ಎಷ್ಟು ಕುಲುಕುತ್ತದೆ ಎಂದು ಅಳೆಯುವುದು ಒಂದು. ನೆಲ ಎಷ್ಟು ನಡುಗುತ್ತದೆ ಎಂದು ಅಳೆಯುವುದು ಇನ್ನೊಂದು. ಮೊದಲನೆಯದು ರಸ್ತೆಯ ಮುಖವನ್ನು ತೋರಿಸುತ್ತದೆ, ಎರಡನೆಯದು ಒಡಲನ್ನು.

ಮೊದಲ ದಾರಿ ಹಳೆಯದು. ಭಾರತದಲ್ಲಿ 'ಬಂಪ್ ಇಂಟಿಗ್ರೇಟರ್' ಎಂಬ ಸಾಧನ ಬಹುಕಾಲದಿಂದ ಬಳಕೆಯಲ್ಲಿದೆ. ಜೀಪಿನ ಹಿಂದೆ ಒಂಟಿ ಚಕ್ರದ ಗಾಡಿಯೊಂದನ್ನು ಕಟ್ಟಿ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತಾರೆ. ಚಕ್ರ ಮೇಲೆಕೆಳಗೆ ಆದದ್ದನ್ನೆಲ್ಲ ಸಾಧನ ಕೂಡಿಸುತ್ತಾ ಹೋಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2004ರ ಮಾನದಂಡದಲ್ಲಿ, ಉತ್ತಮ ದರ್ಜೆಯ ಡಾಮರು ರಸ್ತೆಯಲ್ಲಿ ಈ ಮೊತ್ತ ಕಿಲೋಮೀಟರಿಗೆ 2,000 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ರಸ್ತೆ ಒಳ್ಳೆಯದು, 3,000 ದಾಟಿದರೆ ಕೆಟ್ಟದು ಎಂದಿತ್ತು.

ಆದರೆ ಒಂದೊಂದು ದೇಶದ ಸಾಧನ ಒಂದೊಂದು ಸಂಖ್ಯೆ ಕೊಟ್ಟರೆ ಹೋಲಿಸುವುದು ಹೇಗೆ? ಈ ಗೊಂದಲ ಬಗೆಹರಿಸಲು 1982ರಲ್ಲಿ ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಪ್ರಯೋಗ ನಡೆಯಿತು. ಅದರಿಂದ ಹುಟ್ಟಿದ್ದೇ 'ಅಂತಾರಾಷ್ಟ್ರೀಯ ಒರಟುತನ ಸೂಚ್ಯಂಕ', ಅಂದರೆ ಐಆರ್‌ಐ. ಕಾರಿನ ಒಂದು ಚಕ್ರ, ಅದರ ಸ್ಪ್ರಿಂಗ್, ಅದರ ಮೇಲಿನ ಭಾರ ಇಷ್ಟನ್ನೇ ಗಣಿತದಲ್ಲಿ ಕಲ್ಪಿಸಿಕೊಂಡು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ರಸ್ತೆಯಲ್ಲಿ ಹೋದರೆ ಸ್ಪ್ರಿಂಗ್ ಒಟ್ಟು ಎಷ್ಟು ಮೀಟರ್ ಆಡುತ್ತದೆ ಎಂದು ಲೆಕ್ಕಹಾಕುತ್ತಾರೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಈಗ ಲೇಸರ್, ಕ್ಯಾಮೆರಾ, ಜಿಪಿಎಸ್ ಅಳವಡಿಸಿದ ಸರ್ವೆ ವಾಹನಗಳು ಓಡಾಡಿ ರಸ್ತೆಯ ಮೇಲ್ಮೈ ಅಳೆಯುತ್ತವೆ.

ಜೇಬಿನಲ್ಲಿರುವ ಸಾಧನ

ಅಂಥ ದುಬಾರಿ ವಾಹನ ಪಂಚಾಯತ್ ರಸ್ತೆಗೆ ಬರುವುದು ಕನಸಿನ ಮಾತು. ಇಲ್ಲಿಯೇ ಮೊಬೈಲ್ ಫೋನ್ ಉಪಯೋಗಕ್ಕೆ ಬರುವುದು. ಫೋನ್ ಅಡ್ಡ ಹಿಡಿದರೆ ವಿಡಿಯೋ ಕೂಡ ಅಡ್ಡವಾಗುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ 'ಆಕ್ಸೆಲೆರೋಮೀಟರ್' ಎಂಬ ಚಿಕ್ಕ ಚಿಪ್. ಅದು ಮೂರು ದಿಕ್ಕಿನ ಕುಲುಕಾಟವನ್ನೂ ಸೆಕೆಂಡಿಗೆ 50ರಿಂದ 100 ಸಲ ಅಳೆಯಬಲ್ಲದು. ಗಂಟೆಗೆ 36 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಸೆಕೆಂಡಿಗೆ 100 ಸಲ ಅಳೆದರೆ ಪ್ರತಿ 10 ಸೆಂಟಿಮೀಟರಿಗೆ ಒಂದು ಅಳತೆ ಸಿಕ್ಕಿದ ಹಾಗೆ.

2008ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಬಾಸ್ಟನ್ ನಗರದ ಏಳು ಟ್ಯಾಕ್ಸಿಗಳಲ್ಲಿ ಇಂಥ ಸಂವೇದಕಗಳನ್ನು ಇಟ್ಟು ಹೊಂಡಗಳನ್ನು ಪತ್ತೆಹಚ್ಚಿದರು. ಅದೇ ವರ್ಷ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು 'ನೆರಿಸೆಲ್' ಎಂಬ ಯೋಜನೆಯಲ್ಲಿ ಫೋನುಗಳನ್ನೇ ಬಳಸಿ ಬೆಂಗಳೂರಿನ ರಸ್ತೆಗಳ ಹೊಂಡ, ಬ್ರೇಕ್, ಹಾರ್ನ್ ಎಲ್ಲವನ್ನೂ ಗುರುತಿಸುವ ದಾರಿ ತೋರಿಸಿದರು. ಭಾರತದ ರಸ್ತೆ ಬಾಸ್ಟನ್ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಿಧಾನವಾಗಿ ಹೊಂಡಕ್ಕೆ ಇಳಿಯುವ ವಾಹನದ ಕುಲುಕಾಟ ಒಂದು ಬಗೆ, ವೇಗವಾಗಿ ಬಡಿಯುವುದು ಇನ್ನೊಂದು ಬಗೆ. ಹಾಗಾಗಿ ಎರಡಕ್ಕೂ ಬೇರೆಬೇರೆ ಲೆಕ್ಕ ಇಟ್ಟರು. ಫೋನ್ ಜೇಬಿನಲ್ಲಿ ಹೇಗೇ ಬಿದ್ದಿದ್ದರೂ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವ ಉಪಾಯವನ್ನೂ ಕಂಡುಕೊಂಡರು.

ಹಂಪ್ ಮತ್ತು ಹೊಂಡದ ವ್ಯತ್ಯಾಸವೂ ಕಂಪನದಲ್ಲಿ ಕಾಣುತ್ತದೆ. ಹಂಪ್‌ನಲ್ಲಿ ಎರಡೂ ಬದಿಯ ಚಕ್ರಗಳು ಒಟ್ಟಿಗೆ ಮೇಲೇರಿ ಇಳಿಯುತ್ತವೆ. ಹೊಂಡದಲ್ಲಿ ಸಾಮಾನ್ಯವಾಗಿ ಒಂದೇ ಬದಿ ಕೆಳಗೆ ಬಿದ್ದು ಮೇಲೆ ಬರುತ್ತದೆ, ವಾಹನ ಪಕ್ಕಕ್ಕೆ ವಾಲುತ್ತದೆ. ಇಪ್ಪತ್ತು ವರ್ಷ ರಿಕ್ಷಾ ಓಡಿಸಿದ ಕಾಕ ಕಣ್ಣು ಮುಚ್ಚಿ ಕುಳಿತರೂ "ಇದು ಹಂಪ್, ಇದು ಹೊಂಡ, ಇದು ಸೇತುವೆಯ ಜಾಯಿಂಟ್" ಅಂತ ಹೇಳಬಲ್ಲರು. ಫೋನಿಗೆ ಕಲಿಸುವುದು ಅದೇ ವಿದ್ಯೆಯನ್ನು.

ನೆಲದ ಒಳಗಿನಿಂದ ಕೇಳುವುದು

ಮೀನು ಸಾರಿಗೆ ಮಣ್ಣಿನ ಚಟ್ಟಿ ಕೊಳ್ಳುವಾಗ ಮನೆಯ ಹಿರಿಯ ಹೆಂಗಸರು ಬೆರಳಿನಿಂದ ಬಡಿದು ನೋಡುತ್ತಾರೆ. ಗಟ್ಟಿಯಾದ ಚಟ್ಟಿ ಒಂದು ಸದ್ದು ಮಾಡುತ್ತದೆ, ಬಿರುಕು ಬಿಟ್ಟದ್ದು ಮಂಕು ಸದ್ದು ಮಾಡುತ್ತದೆ. ರಸ್ತೆಯ ಒಡಲನ್ನು ಅರಿಯುವ ವಿಧಾನವೂ ಹೀಗೆಯೇ. ಇಲ್ಲಿ ಬಡಿಯುವ ಬೆರಳು ಯಾವುದು ಎಂಬುದಷ್ಟೇ ಪ್ರಶ್ನೆ.

ಹಳೆಯ ವಿಧಾನ 'ಬೆಂಕೆಲ್ಮನ್ ಬೀಮ್'. ಹಿಂದಿನ ಆಕ್ಸಲ್ ಮೇಲೆ 8,170 ಕಿಲೋ ಭಾರ ಬರುವಂತೆ ತುಂಬಿಸಿದ ಲಾರಿಯನ್ನು ನಿಲ್ಲಿಸಿ, ಎರಡು ಚಕ್ರಗಳ ನಡುವೆ ಉದ್ದದ ಸಲಾಕೆ ಇಟ್ಟು, ಲಾರಿ ಮುಂದೆ ಹೋದಾಗ ರಸ್ತೆ ಎಷ್ಟು ಮೇಲೆ ಬರುತ್ತದೆ ಎಂದು ನೋಡುತ್ತಾರೆ. ಹೊಸ ವಿಧಾನದಲ್ಲಿ ಯಂತ್ರವೊಂದು ಭಾರವನ್ನು ಎತ್ತಿ ರಸ್ತೆಗೆ ಕುಕ್ಕುತ್ತದೆ. ಸಾಲಾಗಿ ಇಟ್ಟ ಸಂವೇದಕಗಳು ರಸ್ತೆ ಎಷ್ಟು ಬಗ್ಗಿತು ಎಂದು ಅಳೆಯುತ್ತವೆ. ಎರಡಕ್ಕೂ ಪ್ರತಿ ಜಾಗದಲ್ಲಿ ನಿಂತು ಅಳೆಯಬೇಕು, ವಾಹನ ಸಂಚಾರ ತಡೆಯಬೇಕು.

ಹಾಗಾದರೆ ದಿನಕ್ಕೆ ಸಾವಿರಾರು ಸಲ ಹಾದುಹೋಗುವ ಲಾರಿ, ಬಸ್ಸುಗಳನ್ನೇ ಬಡಿಯುವ ಬೆರಳಾಗಿ ಮಾಡಿಕೊಂಡರೆ ಹೇಗೆ? ಸಂಚಾರದಿಂದ ಉಂಟಾಗುವ ಕಂಪನವನ್ನು ಬಳಸುವ ವಿಧಾನದ ಮೂಲ ವಿಚಾರ ಇದೇ. ರಸ್ತೆಯೊಳಗೆ ಅಥವಾ ಬದಿಯಲ್ಲಿ ಸಂವೇದಕಗಳನ್ನು ಇಟ್ಟರೆ ಸಾಕು, ಸಂಚಾರ ನಿಲ್ಲಿಸಬೇಕಾಗಿಲ್ಲ. ಅದೇ ಜಾಗದಲ್ಲಿ, ಅದೇ ಬಗೆಯ ಬಸ್ಸು ಹೋದಾಗ ಡಾಮರು ಆರು ತಿಂಗಳ ಹಿಂದಿಗಿಂತ ಹೆಚ್ಚು ಅಲುಗಾಡಿದರೆ ಒಳಗೆ ಏನೋ ಸಡಿಲವಾಗುತ್ತಿದೆ ಎಂದು ಅರ್ಥ.

ಇನ್ನೊಂದು ಉಪಾಯ ಅಲೆಗಳ ವೇಗವನ್ನು ನೋಡುವುದು. ಲಾರಿ ಹೋದಾಗ ನೆಲದ ಮೇಲ್ಮೈಯಲ್ಲಿ ಅಲೆಗಳು ಹರಡುತ್ತವೆ. 1885ರಲ್ಲಿ ಇವನ್ನು ಗಣಿತದಿಂದ ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀ. ಹಾಗಾಗಿ ಇವಕ್ಕೆ ರೇಲೀ ಅಲೆಗಳು ಎಂದೇ ಹೆಸರು. ಗಟ್ಟಿ ನೆಲದಲ್ಲಿ ಅಲೆ ವೇಗವಾಗಿ ಓಡುತ್ತದೆ, ಸಡಿಲ ನೆಲದಲ್ಲಿ ನಿಧಾನ. ಉದ್ದನೆಯ ಅಲೆ ಆಳಕ್ಕಿಳಿಯುತ್ತದೆ, ಗಿಡ್ಡ ಅಲೆ ಮೇಲೆಮೇಲೆಯೇ ಸಾಗುತ್ತದೆ. ಬೇರೆಬೇರೆ ಉದ್ದದ ಅಲೆಗಳ ವೇಗ ಅಳೆದರೆ ಯಾವ ಆಳದಲ್ಲಿ ನೆಲ ಎಷ್ಟು ಗಟ್ಟಿ ಎಂದು ಅಗೆಯದೆಯೇ ಅಂದಾಜಿಸಬಹುದು. ಅಮೆರಿಕದ ಕಾನ್ಸಾಸ್‌ನ ಭೂವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ವಿಧಾನವೊಂದು ಈ ಕೆಲಸಕ್ಕೆ ಈಗ ವ್ಯಾಪಕವಾಗಿ ಬಳಕೆಯಲ್ಲಿದೆ.

ಇದಕ್ಕೊಂದು ಮಿತಿ ಇದೆ. ಲಾರಿಯ ಒಡಲು ಸೆಕೆಂಡಿಗೆ ಒಂದರಿಂದ ನಾಲ್ಕು ಸಲ ಮೇಲೆಕೆಳಗೆ ಆಡುತ್ತದೆ, ಚಕ್ರ-ಆಕ್ಸಲ್ ಸುಮಾರು ಎಂಟರಿಂದ 15 ಸಲ. ಇವು ನಿಧಾನದ ಕಂಪನಗಳು. ಉದಾಹರಣೆಗೆ, ಅಲೆ ಸೆಕೆಂಡಿಗೆ 150 ಮೀಟರ್ ಓಡುವ ಮಣ್ಣಿನಲ್ಲಿ ಸೆಕೆಂಡಿಗೆ 10 ಸಲದ ಕಂಪನದ ಅಲೆ 15 ಮೀಟರ್ ಉದ್ದವಿರುತ್ತದೆ. ಅದು ಕೆಲವು ಮೀಟರ್ ಆಳದ ಮಣ್ಣಿನ ಕಥೆ ಹೇಳುತ್ತದೆಯೇ ಹೊರತು ಮೇಲಿನ ಐದು ಇಂಚು ಡಾಮರಿನದ್ದಲ್ಲ. ಮೇಲಿನ ಪದರವನ್ನು ಈ ರೀತಿ ನೋಡಬೇಕಾದರೆ ಸುತ್ತಿಗೆಯ ಪೆಟ್ಟಿನಂಥ ಚುರುಕಾದ ಕಂಪನ ಬೇಕು.

ಆದರೆ ಆಳದ ಮಣ್ಣಿನ ಕಥೆಯೂ ಸಣ್ಣದಲ್ಲ. 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆ ಬಯಲಿನ ಮೇಲೆ ಮಣ್ಣು ಏರಿಸಿ ಕಟ್ಟುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66ರ ಒಂದು ಭಾಗ ಕುಸಿಯಿತು. ಏರಿಸಿದ ಮಣ್ಣಿನ ಭಾರವನ್ನು ಅಡಿಯ ನೆಲ ತಾಳಲಿಲ್ಲ ಎಂಬುದು ಹೆದ್ದಾರಿ ಪ್ರಾಧಿಕಾರದ ಪ್ರಾಥಮಿಕ ವಿವರಣೆ. ಲಾರಿಗಳ ಕಂಪನ ಅಳೆದಿದ್ದರೆ ಅದು ತಪ್ಪುತ್ತಿತ್ತು ಎಂದಲ್ಲ. ಕಟ್ಟುವ ಮೊದಲು ಮಾಡುವ ಮಣ್ಣು ಪರೀಕ್ಷೆಗೆ ಬದಲಿ ಇಲ್ಲ. ಆದರೆ ಕರಾವಳಿಯ ರಸ್ತೆ ಒಮ್ಮೆ ಗಟ್ಟಿ ಮುರಕಲ್ಲಿನ ಗುಡ್ಡದ ಮೇಲೆ, ಮರುಕ್ಷಣ ಮೆತ್ತನೆಯ ಬಯಲಿನ ಮೇಲೆ ಹೋಗುತ್ತದೆ. ಒಂದೇ ಡಾಮರು ಕಂಡರೂ ಅಡಿಯ ನೆಲ ಒಂದೇ ಅಲ್ಲ ಎಂಬುದನ್ನು ಆ ಘಟನೆ ನೆನಪಿಸುತ್ತದೆ.

ಮನೆ ನಡುಗುವುದು ಯಾಕೆ?

ಆರಂಭದಲ್ಲಿ ಹೇಳಿದ ಕಿಟಕಿಯ ಗಾಜಿಗೂ ಉತ್ತರ ಇಲ್ಲಿದೆ. ನುಣುಪಾದ ರಸ್ತೆಯಲ್ಲಿ ಭಾರದ ಲಾರಿ ಹೋದರೂ ನೆಲದ ನಡುಕ ಕಡಿಮೆ. ಮನೆಗೆ ತಟ್ಟುವ ನಡುಕದ ಮುಖ್ಯ ಕಾರಣ ರಸ್ತೆಯ ಏರುಪೇರು: ಹೊಂಡ, ಹಂಪ್, ತಗ್ಗಾದ ತೇಪೆ, ಮೋರಿಯ ಬಳಿ ಕುಸಿದ ಮಣ್ಣು. ಮೆತ್ತನೆಯ ನೆಲವಾದರೆ ನಡುಕ ಇನ್ನೂ ಹೆಚ್ಚು. ನೆಲದ ಚಲನೆ ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್ ಆದರೂ ಮನುಷ್ಯನಿಗೆ ಗೊತ್ತಾಗುತ್ತದೆ. ಆದರೆ ಜರ್ಮನಿಯ ಮಾನದಂಡದಲ್ಲಿ ಸಾಮಾನ್ಯ ಮನೆಗೆ ಇಟ್ಟಿರುವ ಮಿತಿ, ನಿಧಾನದ ಕಂಪನಗಳಿಗೆ, ಸೆಕೆಂಡಿಗೆ 5 ಮಿಲಿಮೀಟರ್. ಹಾಗಾಗಿ ನಡುಕ ಅನುಭವಕ್ಕೆ ಬಂದ ಮಾತ್ರಕ್ಕೆ ಗೋಡೆ ಬಿರಿಯುತ್ತದೆ ಎಂದು ಹೆದರಬೇಕಾಗಿಲ್ಲ. ಆದರೆ ಮೊದಲಿಲ್ಲದ ನಡುಕ ಹೊಸದಾಗಿ ಶುರುವಾದರೆ ಮನೆಯೆದುರಿನ ರಸ್ತೆಯನ್ನೊಮ್ಮೆ ನೋಡುವುದು ಒಳ್ಳೆಯದು. ಹೆಚ್ಚಾಗಿ ಕಾರಣ ಅಲ್ಲಿಯೇ ಸಿಗುತ್ತದೆ.

ಕಂಪನ ತಪ್ಪು ಹೇಳುವುದು ಯಾವಾಗ?

ಕಂಪನದ ಅಳತೆಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಅದೇ ಹೊಂಡ 20ರ ವೇಗದಲ್ಲಿ ಒಂದು, 50ರ ವೇಗದಲ್ಲಿ ಇನ್ನೊಂದು ಸಂಖ್ಯೆ ಕೊಡುತ್ತದೆ. ಹಳೆ ಜೀಪು ಮತ್ತು ಹೊಸ ಕಾರಿನ ಸ್ಪ್ರಿಂಗ್ ಬೇರೆ. ಟಯರಿನ ಗಾಳಿ ಹೆಚ್ಚಿದ್ದರೆ ಕುಲುಕಾಟ ಹೆಚ್ಚು. ಡಾಮರು ಬಿಸಿಲಿಗೆ ಮೆತ್ತಗಾಗುತ್ತದೆ, ತಂಪಿನಲ್ಲಿ ಗಟ್ಟಿಯಾಗುತ್ತದೆ. ಅದಕ್ಕಾಗಿಯೇ ಬೆಂಕೆಲ್ಮನ್ ಬೀಮ್ ಅಳತೆಯನ್ನು ಭಾರತದಲ್ಲಿ 35 ಡಿಗ್ರಿ ಉಷ್ಣತೆಗೆ ಸರಿಹೊಂದಿಸುತ್ತಾರೆ. ಎಪ್ರಿಲ್ ಮಧ್ಯಾಹ್ನದ ಅಳತೆಯನ್ನು ಜುಲೈ ಮಳೆಯ ಅಳತೆಗೆ ನೇರವಾಗಿ ಹೋಲಿಸಿದರೆ ದಾರಿ ತಪ್ಪುತ್ತದೆ.

ಬಾಸ್ಟನ್ ನಗರಾಡಳಿತ 2012ರಲ್ಲಿ 'ಸ್ಟ್ರೀಟ್ ಬಂಪ್' ಎಂಬ ಆ್ಯಪ್ ತಂದಿತು. ಜನ ಕಾರಿನಲ್ಲಿ ಹೋಗುವಾಗ ಫೋನ್ ತಾನಾಗಿಯೇ ಹೊಂಡಗಳನ್ನು ದಾಖಲಿಸುತ್ತಿತ್ತು. ಅದರಿಂದ ಗೊತ್ತಾದ ಒಂದು ವಿಷಯ, ಹೊಂಡಗಳಿಗಿಂತ ಹೆಚ್ಚಾಗಿ ಕುಲುಕಿಸುತ್ತಿದ್ದದ್ದು ರಸ್ತೆ ಮಟ್ಟಕ್ಕಿಂತ ತಗ್ಗಿದ ಮ್ಯಾನ್‌ಹೋಲ್ ಮುಚ್ಚಳಗಳು ಎಂಬುದು. ಅದು ಉಪಯೋಗಕ್ಕೆ ಬಂದ ಮಾಹಿತಿ. ಆದರೆ ಇನ್ನೊಂದು ಗಂಭೀರ ಪ್ರಶ್ನೆಯೂ ಎದ್ದಿತು: ಸ್ಮಾರ್ಟ್‌ಫೋನ್ ಮತ್ತು ಕಾರು ಇರುವವರ ಬಡಾವಣೆಯ ಹೊಂಡಗಳು ದಾಖಲಾದರೆ, ಬಡವರು ಮತ್ತು ವೃದ್ಧರು ಹೆಚ್ಚಿರುವ ಬಡಾವಣೆಯ ಹೊಂಡಗಳನ್ನು ದಾಖಲಿಸುವವರು ಯಾರು?

ಯಾರ ರಸ್ತೆ ಲೆಕ್ಕಕ್ಕೆ ಬರುತ್ತದೆ?

ಈ ಪ್ರಶ್ನೆ ಕರಾವಳಿಗೂ ಅನ್ವಯಿಸುತ್ತದೆ. ಇಲ್ಲಿ ಒಳರಸ್ತೆಗಳ ಬಹುಪಾಲು ಸಂಚಾರ ದ್ವಿಚಕ್ರ ವಾಹನ ಮತ್ತು ರಿಕ್ಷಾಗಳದ್ದು. ಬೈಕ್ ಸವಾರರು ಹೊಂಡ ಕಂಡರೆ ತಪ್ಪಿಸಿ ಹೋಗುತ್ತಾರೆ. ದೊಡ್ಡ ಹೊಂಡವಾದಷ್ಟೂ ಹೆಚ್ಚು ಜಾಗ್ರತೆ. ಹಾಗಾಗಿ ಅವರ ಫೋನಿನಲ್ಲಿ ಆ ಹೊಂಡ ದಾಖಲಾಗುವುದೇ ಇಲ್ಲ! ಲೆಕ್ಕದಲ್ಲಿ ರಸ್ತೆ ಚೆನ್ನಾಗಿದೆ ಎಂದು ಬರುತ್ತದೆ, ನಿಜದಲ್ಲಿ ಅಲ್ಲಿಯೇ ಸವಾರರು ಬೀಳುತ್ತಾರೆ. ಮಾಹಿತಿ ಇಲ್ಲ ಎಂದರೆ ತೊಂದರೆ ಇಲ್ಲ ಎಂದರ್ಥವಲ್ಲ.

ಹಾಗಾದರೆ ಒಳ್ಳೆಯ ಅಳತೆಗೋಲು ಯಾವುದು? ಊರಿನ ಬಸ್ಸು ಮತ್ತು ಶಾಲಾ ವಾಹನ. ಅದೇ ವಾಹನ, ಅದೇ ದಾರಿ, ದಿನಕ್ಕೆ ಹಲವು ಸಲ. ಅಗಲ ಹೆಚ್ಚಿರುವುದರಿಂದ ಎಲ್ಲ ಹೊಂಡಗಳನ್ನೂ ತಪ್ಪಿಸಲು ಆಗುವುದಿಲ್ಲ. ಅಂಥ ವಾಹನದಲ್ಲಿ ಒಂದು ಹಳೆಯ ಫೋನನ್ನು ಭದ್ರವಾಗಿ ಕಟ್ಟಿಟ್ಟರೆ ತಿಂಗಳಿಂದ ತಿಂಗಳಿಗೆ ರಸ್ತೆ ಎಲ್ಲಿ ಕೆಡುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ವ್ಯಕ್ತಿಗಳ ಫೋನಿನಿಂದ ಮಾಹಿತಿ ಪಡೆದರೆ ಅವರು ಎಲ್ಲಿಗೆ ಹೋಗಿಬಂದರು ಎಂಬ ಗುಟ್ಟೂ ಅದರ ಜೊತೆ ಹೋಗುತ್ತದೆ. ಬಸ್ಸಿನ ದಾರಿ ಎಲ್ಲರಿಗೂ ಗೊತ್ತಿರುವುದರಿಂದ ಆ ಸಮಸ್ಯೆಯೂ ಇಲ್ಲ.

ಯುವಕರು ಮಾಡಬಹುದಾದ ಕೆಲಸ

ಇಂಜಿನಿಯರಿಂಗ್, ಡಿಪ್ಲೊಮಾ, ಪಿಯುಸಿ ವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ ಇದು ಖರ್ಚಿಲ್ಲದ ಒಳ್ಳೆಯ ಪ್ರಾಜೆಕ್ಟ್. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ ರೂಪಿಸಿದ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಫೋನಿನ ಸಂವೇದಕಗಳ ಅಳತೆಯನ್ನು ನೇರವಾಗಿ ತೋರಿಸಿ ಫೈಲಾಗಿಯೂ ಕೊಡುತ್ತದೆ. ಪಾಲಿಸಬೇಕಾದ ಕ್ರಮ ಇಷ್ಟೇ:

ಫೋನ್ ಕೈಯಲ್ಲಿ ಹಿಡಿಯಬಾರದು, ವಾಹನದ ನೆಲಕ್ಕೆ ಅಥವಾ ಡ್ಯಾಶ್‌ಬೋರ್ಡ್‌ಗೆ ಅಲುಗಾಡದಂತೆ ಅಂಟಿಸಬೇಕು. ಓಡಿಸುವವರು ಫೋನ್ ಮುಟ್ಟಲೇಬಾರದು, ಅದಕ್ಕೆ ಇನ್ನೊಬ್ಬರಿರಬೇಕು. ಪ್ರತಿ ಸಲವೂ ಅದೇ ವಾಹನ, ಅದೇ ಟಯರ್ ಗಾಳಿ, ಸುಮಾರು 30ರ ಒಂದೇ ವೇಗ. ಹಂಪ್, ಸೇತುವೆ, ರೈಲ್ವೆ ಗೇಟ್ ಎಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಆ ವೇಗದಲ್ಲಿ 100 ಮೀಟರ್ ದಾಟಲು 12 ಸೆಕೆಂಡ್ ಸಾಕು. ಪ್ರತಿ 12 ಸೆಕೆಂಡಿನ ಕುಲುಕಾಟವನ್ನು ಒಂದು ಗುಂಪಾಗಿ ಮಾಡಿ ಹೋಲಿಸಬೇಕು. ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರಬಾರದು, ಕನಿಷ್ಠ ಮೂರು ಸಲ ಬೇಕು. ಮಳೆಗಾಲದ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಮಾಡಿದರೆ ಮಳೆ ಯಾವ ಭಾಗವನ್ನು ಹೆಚ್ಚು ಕೆಡಿಸಿತು ಎಂಬ ನಕ್ಷೆಯೇ ಸಿದ್ಧ.

ಆ ನಕ್ಷೆಯನ್ನು ಹಿಡಿದು ಸ್ಥಳಕ್ಕೆ ಹೋಗಿ ನೋಡಬೇಕು. ಹೆಚ್ಚು ಕುಲುಕುವ 100 ಮೀಟರಿನಲ್ಲಿ ಚರಂಡಿ ಕಟ್ಟಿದೆಯೇ, ಪೈಪ್‌ಲೈನ್‌ಗೆ ಅಗೆದು ಸರಿಯಾಗಿ ಮುಚ್ಚಿಲ್ಲವೇ, ನೀರು ರಸ್ತೆಯ ಮೇಲೆಯೇ ಹರಿಯುತ್ತಿದೆಯೇ? ಕಂಪನ ಜಾಗವನ್ನಷ್ಟೇ ತೋರಿಸುತ್ತದೆ, ಕಾರಣವನ್ನು ಹುಡುಕುವುದು ಮನುಷ್ಯರ ಕೆಲಸ. ಫೋಟೋ ಮತ್ತು ನಕ್ಷೆಯ ಸಮೇತ ಪಂಚಾಯತ್‌ಗೆ ಮನವಿ ಕೊಟ್ಟರೆ "ರಸ್ತೆ ಸರಿಯಿಲ್ಲ" ಎಂಬ ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಹೆಚ್ಚು. ಕೇರಳದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆಗಳ ದೂರಿಗೆ 2021ರಲ್ಲಿ ಬಂದ 'ಪಿಡಬ್ಲ್ಯುಡಿ 4ಯು' ಆ್ಯಪ್ ಇದೆ. ರಾಷ್ಟ್ರೀಯ ಹೆದ್ದಾರಿಯ ತೊಂದರೆಗಳಿಗೆ ಸಹಾಯವಾಣಿ 1033.

ಬೇಗ ಗೊತ್ತಾದರೆ ಒಂದು ಬಿರುಕು ಮುಚ್ಚಿ, ಒಂದು ಚರಂಡಿ ಬಿಡಿಸಿದರೆ ಕೆಲಸ ಮುಗಿಯಬಹುದು. ತಡವಾದರೆ ಜಲ್ಲಿಯ ಸಮೇತ ಅಗೆದು ಹೊಸದಾಗಿ ಹಾಕಬೇಕು, ಅಷ್ಟರಲ್ಲಿ ಯಾರದೋ ಮನೆಯ ಮಗ ಆ ಹೊಂಡಕ್ಕೆ ಬಿದ್ದಿರಬಹುದು. ರಾತ್ರಿ ಕಿಟಕಿಯ ಗಾಜು ಹೊಸದಾಗಿ ಸದ್ದು ಮಾಡಲು ಶುರುವಾದರೆ ಬೆಳಿಗ್ಗೆ ಎದ್ದು ಗೇಟಿನ ಹೊರಗೆ ಬಂದು ರಸ್ತೆ ನೋಡುವುದಕ್ಕೆ ಐದು ನಿಮಿಷ ಸಾಕು.